ತುಮ್ರೈತ್ ದಾಟಿದ ಮೇಲೆ

ಹೈಮಾ. ಬೆಳಗಿನ ಎಂಟೂವರೆ. ಪೆಟ್ರೋಲ್ ಪಂಪಿನ ಶೌಚಾಲಯದ ಎದುರು ಹೆಂಗಸರ ಸಾಲು. ಆರು ವರ್ಷದ ಮಗಳು ಅದರಲ್ಲಿ ಕಾಲಿಗೆ ಕಾಲು ಹೆಣೆದು ಕುಣಿಯುತ್ತಿದ್ದಾಳೆ. ಎರಡೂವರೆಯ ಚಿಕ್ಕವನು ನನ್ನ ಸೊಂಟದ ಮೇಲೆ. ಆದಮ್ ದಾಟಿದ ಮೇಲೆ ಎರಡು ಸಲ ವಾಂತಿ ಮಾಡಿ, ಈಗ ಏನೂ ಆಗದವನ ಹಾಗೆ ಬಿಸ್ಕತ್ತು ಕೇಳುತ್ತಿದ್ದಾನೆ. ಇವರು ಕರಕ್ ಚಾಯ್ ಹಿಡಿದು ಬರುತ್ತಾರೆ. ಮಾತಿಲ್ಲ. ರಾತ್ರಿ ಮೂರಕ್ಕೆ ಮಸ್ಕತ್ ಬಿಟ್ಟದ್ದು. ಸಲಾಲಾಗೆ ಸುಮಾರು 1,000 ಕಿ.ಮೀ., ನಾವಿನ್ನೂ ನಡುದಾರಿಯಲ್ಲಿದ್ದೇವೆ.

ವಿಮಾನದಲ್ಲಿ ಹೋದರೆ ಒಂದೂವರೆ ಗಂಟೆ ಸಾಕು. ಕಾರೇ ಆಗಬೇಕೆಂದು ಹಟ ಹಿಡಿದವಳು ನಾನು, ಹಾಗಾಗಿ ನನಗೂ ಮಾತಿಲ್ಲ. ಬಿಸಿಲು ಮುಗಿದು ಮಳೆ ಶುರುವಾಗುವ ಜಾಗವನ್ನು ಮಕ್ಕಳು ಕಿಟಕಿಯಿಂದ ನೋಡಲಿ ಅಂತ. ಮಗಳು ಹುಟ್ಟಿದ್ದು ಮಸ್ಕತ್ತಿನಲ್ಲಿ. ಜೂನ್-ಜುಲೈ ರಜೆಯ ಟಿಕೆಟ್ ದರ ನೋಡಿ ಹೆದರಿ ನಾವು ಊರಿಗೆ ಹೋಗುವುದು ಡಿಸೆಂಬರಿನಲ್ಲಿ. ಅವಳು ಕಂಡ ಕುಂದಾಪುರದಲ್ಲಿ ಮಳೆಯೇ ಇಲ್ಲ.

ಹೈಮಾದಿಂದಾಚೆ ಹೇಳುವಂಥದ್ದೇನಿಲ್ಲ. ದೋಸೆಕಲ್ಲಿನಂಥ ನೆಲ, ಅದರ ಮೇಲೆ ನೇರ ರಸ್ತೆ, ಒಂಟೆ ಇದೆ ಎಂದು ಎಚ್ಚರಿಸುವ ಫಲಕಗಳು. ಡಬ್ಬಿಯ ಮೊಸರನ್ನ ಖಾಲಿ. ‘ಬಂತಾ?’ ‘ಇಲ್ಲ.’ ‘ಈಗ?’ ‘ಇಲ್ಲ.’

ತುಮ್ರೈತಿನಲ್ಲಿ ಕಾರಿನ ಪರದೆಯ ಮೇಲೆ 41 ಡಿಗ್ರಿ. ಬೆಟ್ಟದ ಅಂಚು ಹತ್ತಿರವಾದಂತೆ ಎದುರಿನ ಆಕಾಶ ಬೂದಿಬಣ್ಣಕ್ಕೆ ತಿರುಗುತ್ತದೆ. 36. ಎದುರು ಬರುವ ಕಾರುಗಳ ದೀಪ ಹಗಲಲ್ಲೇ ಉರಿಯುತ್ತಿವೆ. 31. ಇಳಿಜಾರಿನ ತಿರುವೊಂದರಲ್ಲಿ ಮಂಜು ನುಗ್ಗಿ ಕಾರನ್ನು ನುಂಗಿಬಿಡುತ್ತದೆ. ಇವರು ವೇಗ ತಗ್ಗಿಸಿ ಮುಂದಕ್ಕೆ ಬಾಗಿ ಕೂರುತ್ತಾರೆ. 26. ಗಾಜಿನ ಮೇಲೆ ಸಾಸಿವೆಯಷ್ಟು ಸಣ್ಣ ಹನಿಗಳು. ವೈಪರ್ ಹಾಕಿ ಎಷ್ಟು ತಿಂಗಳಾಗಿತ್ತೋ, ಅದು ಮೊದಲು ಧೂಳನ್ನೇ ಬಳಿಯುತ್ತದೆ.

ನಾನು ಕಿಟಕಿ ಇಳಿಸುತ್ತೇನೆ. ಒದ್ದೆ ಮಣ್ಣಿನ ವಾಸನೆ, ಅದರೊಳಗೆ ದನದ ಹಟ್ಟಿಯ ವಾಸನೆ. ಮಂಜು ಹರಿದ ಕಡೆ ಹಸಿರು ಗುಡ್ಡ, ಮೇಯುವ ದನಗಳು.

‘ಅಮ್ಮಾ, ಹೊರಗೂ ಏಸಿ ಹಾಕಿದ್ದಾರಾ?’

‘ಮಳೆ ಅದು.’

‘ಅಜ್ಜಿ ಮನೆಯ ಮಳೆಯಾ?’

ಏನು ಹೇಳಲಿ? ಗಾಳಿಯೇನೋ ಅದೇ ನೈಋತ್ಯ ಮಾರುತ, ಸಮುದ್ರವೂ ಅದೇ. ಆದರೆ ಇಲ್ಲಿ ಅದು ತೀರದ ಉದ್ದಕ್ಕೆ ಬೀಸಿ ಮೇಲಿನ ಬಿಸಿನೀರನ್ನು ಆಚೆ ತಳ್ಳುತ್ತದೆ, ಅಡಿಯ ತಣ್ಣೀರು ಮೇಲೇಳುತ್ತದೆ. ಅದರ ಮೇಲೆ ಹಾದ ತೇವದ ಗಾಳಿ ತಂಪಾಗಿ, ಮಂಜಾಗಿ, ಢೋಫಾರ್ ಬೆಟ್ಟಗಳಿಗೆ ಒರಗಿ ನಿಲ್ಲುತ್ತದೆ. ಮೇಲೆ ಮರಳುಗಾಡಿನ ಬಿಸಿಗಾಳಿ ಮುಚ್ಚಳದಂತೆ ಕುಳಿತಿರುವುದರಿಂದ ಮೋಡಕ್ಕೆ ಎತ್ತರ ಬೆಳೆಯಲು ಜಾಗವಿಲ್ಲ; ಸುರಿಯುವುದು ಆಗುವುದಿಲ್ಲ, ಜಿನುಗುವುದಷ್ಟೇ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ಈ ಕಾಲಕ್ಕೆ ಇಲ್ಲಿಯವರು ಖರೀಫ್ ಎನ್ನುತ್ತಾರೆ. ಇದನ್ನೆಲ್ಲ ಆರು ವರ್ಷದವಳಿಗೆ ಹೇಳಲಾದೀತೆ? ‘ಅದರ ತಂಗಿ’ ಎನ್ನುತ್ತೇನೆ.

ಹುಲ್ಲಿನ ಬಯಲೊಂದರ ಪಕ್ಕ ಕಾರು ನಿಲ್ಲುತ್ತದೆ. ಒಮಾನಿ ಕುಟುಂಬಗಳು ಚಾಪೆ ಹಾಸಿ, ಜಿನುಗುವ ಮಳೆಯಲ್ಲೇ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತ ಆರಾಮಾಗಿ ಕೂತಿದ್ದಾರೆ. ಈ ಗಳಿಗೆಗಾಗಿ ನಾನು ಎರಡು ತಿಂಗಳು ಕಾದಿದ್ದೇನೆ. ಮಗಳು ಹತ್ತು ಹೆಜ್ಜೆ ಓಡುತ್ತಾಳೆ, ಕೆಸರಿನಲ್ಲಿ ಶೂ ಹೂತುಹೋಗುತ್ತದೆ, ನಿಂತಲ್ಲೇ ಅಳು: ‘ಸಾಕ್ಸ್ ಒದ್ದೆ! ಒರೆಸು!’ ನನಗೆ ಸಿಟ್ಟು ಬರುತ್ತದೆ. ಮಗುವಿನ ಮೇಲೆ ಬರಬೇಕಾದ ಸಿಟ್ಟಲ್ಲ ಅದು, ಆದರೂ ಗದರುತ್ತೇನೆ. ಚಿಕ್ಕವನು ಇದ್ಯಾವುದೂ ತನಗೆ ಸಂಬಂಧವಿಲ್ಲವೆಂಬಂತೆ ಕುಕ್ಕರಗಾಲಲ್ಲಿ ಕೂತು ಕೆಸರಿನ ರುಚಿ ನೋಡುತ್ತಿದ್ದಾನೆ.

ಸಲಾಲಾ ಪೇಟೆಯ ಬೀದಿಬದಿಯಲ್ಲಿ ಸೀಯಾಳದ ಅಂಗಡಿಗಳ ಸಾಲು. ತೂಗುಬಿದ್ದ ಬಾಳೆಗೊನೆ, ರಾಶಿ ಪಪ್ಪಾಯಿ, ಹಿಂದೆ ತೆಂಗಿನ ತೋಟ. ಅಂಗಡಿಯವನು ಮೂರೇ ಏಟಿಗೆ ಸೀಯಾಳ ಕೆತ್ತುತ್ತಾನೆ. ಮಕ್ಕಳಿಬ್ಬರೂ ಸ್ಟ್ರಾ ಕಚ್ಚಿ ಸುಮ್ಮನಾಗುತ್ತಾರೆ.

ನಾನು ಹತ್ತು ಸೆಕೆಂಡಿನ ವಿಡಿಯೊ ಮಾಡಿ ಅಮ್ಮನಿಗೆ ಕಳಿಸುತ್ತೇನೆ: ನೋಡು, ಮಳೆ. ಸ್ವಲ್ಪ ಹೊತ್ತಿಗೆ ವಾಯ್ಸ್ ಮೆಸೇಜ್ ಬರುತ್ತದೆ.

‘ಶಬ್ದವೇ ಇಲ್ಲ, ಎಂಥ ಮಳೆ ಮಾರಾಯ್ತಿ ಅದು? ಆದ್ರೂ ಮಕ್ಕಳ ತಲೆ ಒರೆಸು.’ ಅಷ್ಟು ಕೇಳಿಸುವುದೇ ಕಷ್ಟ. ಹಿತ್ತಿಲ ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಅಮ್ಮನ ದನಿಯನ್ನು ಮುಳುಗಿಸುತ್ತಿದೆ.

ಮಗಳು ಸ್ಟ್ರಾ ಬಿಡುತ್ತಾಳೆ. ‘ಅಜ್ಜಿ ಕಾರ್ ವಾಶ್ ಒಳಗೆ ಕೂತಿದ್ದಾರಾ?’

‘ಅಲ್ಲ, ಮನೆಯಲ್ಲೇ.’

‘ಮತ್ತೆ ಹಾಕು.’

ತಮ್ಮನ ಬಾಯಿಗೆ ಅಂಗೈ ಅಡ್ಡ ಹಿಡಿದು, ಫೋನನ್ನು ಕಿವಿಗೆ ಒತ್ತಿಕೊಳ್ಳುತ್ತಾಳೆ.