ಒಂದು ಸೆರಗೂ ಐವರು ವಿದ್ಯಾರ್ಥಿನಿಯರೂ

ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕಿಯರಿಂದ ಕಾಗದ ಬಂದಾಗ ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಈ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು, ತರುವಾಯ ಒಂದೇ ವಿನ್ಯಾಸ ವಿದ್ಯಾಲಯದಲ್ಲಿ ನಾಲ್ಕು ವರ್ಷ ಕಲಿತವರಾದುದರಿಂದ, ಬೇರೆ ಬೇರೆಯಾಗಿ ಬರೆದರೆ ಒಂದೇ ಕಥೆ ಎರಡು ಸಲ ಅಚ್ಚಾದೀತೆಂದು ಅಂಜಿ, ಕೂಡಿಯೇ ಬರೆಯುವುದೆಂದು ನಿಶ್ಚಯಿಸಿದೆವು. ಇದರಲ್ಲಿ ಕಂಡುಬರುವ ತಪ್ಪುಗಳಿಗೆ ಇಬ್ಬರೂ ಸಮವಾಗಿ ಹೊಣೆಗಾರರೆಂದು ವಾಚಕರು ತಿಳಿಯತಕ್ಕದ್ದು.

ವಿನ್ಯಾಸವೆಂದರೇನು, ಅದನ್ನು ಕಲಿತವರಿಗೆ ಅನ್ನ ಹುಟ್ಟುವುದೇ ಎಂದು ಈಗಲೂ ಕೆಲವರು ತಾಯಿತಂದೆಗಳು ನಮ್ಮನ್ನು ಕೇಳುವುದುಂಟು. ನಮ್ಮಲ್ಲೊಬ್ಬಳ ತಂದೆಯವರು ಮಗಳು ಹೊಲಿಗೆ ಕಲಿಯಲು ಹೋಗಿದ್ದಾಳೆಂದೇ ಒಂದು ವರ್ಷ ನಂಬಿದ್ದರು. ಬಂಧುಗಳಿಗೂ ಹಾಗೆಯೇ ಹೇಳಿದ್ದರು. ಕುರ್ಚಿಯಾಗಲಿ, ಸೀರೆಯಾಗಲಿ, ಪುಸ್ತಕದ ಹೊದಿಕೆಯಾಗಲಿ, ಮಾಡುವುದಕ್ಕೆ ಮೊದಲು ಅದು ಹೇಗಿರಬೇಕು, ಯಾರ ಕೈಗೆ ಹೋಗಬೇಕು, ಎಷ್ಟರಲ್ಲಿ ಆಗಬೇಕು ಎಂದು ಯೋಚಿಸುವುದೇ ವಿನ್ಯಾಸ. ಅನ್ನದ ಮಾತು ಹೇಳುವುದಾದರೆ, ನಾವಿಬ್ಬರೂ ಉಪವಾಸವಿಲ್ಲ.

ನಮ್ಮ ತರಗತಿಯವರಿಗೆ ಆ ಮೇಜುಬಟ್ಟೆಯ ನೆನಪು ಇದ್ದೇ ಇರಬೇಕು. ಒಂಬತ್ತನೆಯ ತರಗತಿಯಲ್ಲಿದ್ದಾಗ ಹೊಲಿಗೆಯ ಉಪಾಧ್ಯಾಯಿನಿಯವರು ಇಡೀ ತರಗತಿಗೆ ಒಂದೇ ದೊಡ್ಡ ಬಟ್ಟೆಯನ್ನು ಕೊಟ್ಟು ಕಸೂತಿ ಹಾಕಿಸಿದರು. ನಡುವಣ ಗೋಪುರವನ್ನು ಹಾಕಲು ಎಲ್ಲರಿಗೂ ಆಸೆ, ಅಂಚಿನ ಸಾಲು ಯಾರಿಗೂ ಬೇಡ. ಕೆಲಸ ಮುಗಿದ ಮೇಲೆ ಅವರು ಮುಂಭಾಗವನ್ನು ನೋಡಲೇ ಇಲ್ಲ. ಬಟ್ಟೆಯನ್ನು ಮಗುಚಿ ಹಿಂಭಾಗವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಗವಂತಿ, ಮುರಗಿ ಹೊಲಿಗೆಗಳಲ್ಲಿ ಎರಡು ಮಗ್ಗುಲೂ ಒಂದೇ ತೆರನಾಗಿರಬೇಕು, ಗಂಟು ಎಲ್ಲಿಯೂ ಇರಕೂಡದು. ನಡುವಣ ಗೋಪುರದ ಹಿಂದೆ ಏಳು ಗಂಟುಗಳಿದ್ದವು. ಅದನ್ನು ಹಾಕಿದವರು ಯಾರೆಂದು ಇಲ್ಲಿ ಬರೆಯಬೇಕಾದ ಅಗತ್ಯವಿಲ್ಲವಷ್ಟೆ.

ವಿನ್ಯಾಸ ವಿದ್ಯಾಲಯಕ್ಕೆ ಸೇರಿದ ಹೊಸತರಲ್ಲಿ ನಮ್ಮ ತಲೆಯ ತುಂಬ ದೊಡ್ಡವರ ಹೆಸರುಗಳಿದ್ದವು. ಜರ್ಮನಿಯ ವೈಮಾರ್ ಪಟ್ಟಣದಲ್ಲಿ 1919ರಲ್ಲಿ ವಾಲ್ಟರ್ ಗ್ರೋಪಿಯಸ್ ಸ್ಥಾಪಿಸಿದ ಬೌಹೌಸ್ ಎಂಬ ಶಾಲೆಯ ಚರಿತ್ರೆಯನ್ನು ಮೊದಲ ವರ್ಷದಲ್ಲಿಯೇ ಓದಿಸುತ್ತಾರೆ. ಅಲ್ಲಿ ಹೆಂಗಸರಿಗೂ ಗಂಡಸರಿಗೂ ಭೇದವಿಲ್ಲವೆಂದು ಸಾರಿದ್ದರೂ, ಬಂದ ಹೆಣ್ಣುಮಕ್ಕಳಲ್ಲಿ ಬಹುಪಾಲು ಮಂದಿಯನ್ನು ನೇಯ್ಗೆಯ ಕಾರ್ಯಶಾಲೆಗೇ ಕಳುಹಿಸುತ್ತಿದ್ದರು. 1922ರಲ್ಲಿ ಸೇರಿದ ಆನಿ ಆಲ್ಬರ್ಸ್ ಎಂಬಾಕೆಗೆ ನೇಯ್ಗೆ ಮೊದಲು ಮನಸ್ಸಿಗೆ ಬಂದಿರಲಿಲ್ಲವಂತೆ. ಬೇರೆ ಬಾಗಿಲು ತೆರೆಯದೆ ಮಗ್ಗದ ಮುಂದೆ ಕುಳಿತ ಆಕೆಯದೇ ಒಂದು ಪ್ರತ್ಯೇಕ ಪ್ರದರ್ಶನ 1949ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯದಲ್ಲಿ ನಡೆಯಿತು. ಇದನ್ನು ಓದಿ ನಮಗೆ ಮೈಯುಬ್ಬಿತು. ಆದರೆ ಕಥೆಯಿಂದ ನಾವು ಎತ್ತಿಕೊಂಡದ್ದು ಕೊನೆಗೆ ಹೊರಬಿದ್ದ ಆ ಒಂದು ಹೆಸರನ್ನು ಮಾತ್ರ. ಅದೇ ಕೋಣೆಯಲ್ಲಿ ಉಳಿದ ಮಗ್ಗಗಳ ಮುಂದೆ ಕುಳಿತಿದ್ದವರು ಯಾರಾರು ಎಂದು ಕೇಳಲು ನಮಗೆ ತೋಚಲಿಲ್ಲ.

ಹಾಗೆಯೇ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಭಾರತ ಸರಕಾರಕ್ಕೆ ಒಪ್ಪಿಸಿದ ವರದಿಯನ್ನೂ ಓದಿದೆವು. ಅಹಮದಾಬಾದಿನಲ್ಲಿ 1961ರಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿದ್ದು ಅದರ ಫಲವಾಗಿ. ನಮ್ಮ ಅಜ್ಜಿಯರ ಮನೆಯ ತಂಬಿಗೆಯನ್ನು ಅವರು ಅದರಲ್ಲಿ ಬಹಳವಾಗಿ ಕೊಂಡಾಡಿದ್ದಾರೆ. ಅದನ್ನು ರೂಪಿಸಿದವರು ಯಾರೋ ಒಬ್ಬರಲ್ಲ, ತಲೆಮಾರುಗಳು ಎಂಬುದೇ ಅವರ ಅಭಿಪ್ರಾಯ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಾಗ ನಾವಿಬ್ಬರೂ ಎರಡು ಪುಟ ಉತ್ತರ ಬರೆದು ಒಳ್ಳೆಯ ಅಂಕಗಳನ್ನೇ ಪಡೆದೆವು.

ಮೂರನೆಯ ವರ್ಷದಲ್ಲಿ ತಂಡಗಳಾಗಿ ನೇಕಾರರ ಊರುಗಳಿಗೆ ಹೋಗಿ ಆರು ವಾರ ಕೆಲಸ ಮಾಡಬೇಕೆಂದು ಅಪ್ಪಣೆಯಾಯಿತು. ನಮ್ಮಿಬ್ಬರೊಡನೆ ಇನ್ನೂ ಮೂವರು ಸೇರಿ ಐವರಾದೆವು. ಊರು ಬಾಗಿಲಕೋಟೆ ಜಿಲ್ಲೆಯ ಇಳಕಲ್ಲು. ಅಂಕಗಳಲ್ಲಿ ಅರ್ಧ ತಂಡಕ್ಕೆ, ಉಳಿದರ್ಧ ಒಬ್ಬೊಬ್ಬರ ಸ್ವಂತ ಕೆಲಸಕ್ಕೆ ಎಂಬುದು ನಿಯಮ. ಈ ನಿಯಮದ ಉದ್ದೇಶ ಒಳ್ಳೆಯದೇ ಇದ್ದಿರಬೇಕು. ಆದರೆ ರಾತ್ರಿಯ ಬಸ್ಸಿನಲ್ಲಿ ಕುಳಿತ ಐವರಲ್ಲಿ ನಾಲ್ವರು ಆ ಎರಡನೆಯ ಅರ್ಧದ ಮೇಲೆಯೇ ಕಣ್ಣಿಟ್ಟಿದ್ದೆವು. ಐದನೆಯವಳು ಕಿಟಕಿಗೆ ತಲೆಯಾನಿಸಿ ನಿದ್ರಿಸುತ್ತಿದ್ದಳು.

ಇಳಕಲ್ಲ ಸೀರೆಯನ್ನು ಉಡದ ತಾಯಂದಿರು ನಮ್ಮ ವಾಚಕರಲ್ಲಿ ವಿರಳ. ಆದರೂ ಅದು ಹುಟ್ಟುವ ಬಗೆಯನ್ನು ಕುಣಿಮಗ್ಗದ ಬಳಿಯಲ್ಲಿ ಕುಳಿತು ನೋಡಿದವರು ಇನ್ನೂ ವಿರಳವೆಂದು ಎರಡು ಮಾತು ಬರೆಯುತ್ತೇವೆ. ಸೀರೆಯ ಮೈಗೆ ಹತ್ತಿಯ ಹಾಸು, ಸೆರಗಿಗೆ ರೇಷ್ಮೆಯ ಹಾಸು. ಇವೆರಡನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಮೈಯ ಎಳೆಗಳನ್ನು ಸೆರಗಿನ ಎಳೆಗಳಿಗೆ ಕುಣಿಕೆಯಂತೆ ಸಿಕ್ಕಿಸಿ ಜೋಡಿಸುತ್ತಾರೆ. ಇದಕ್ಕೆ ಅಲ್ಲಿಯವರು ಕೊಂಡಿ ಎನ್ನುತ್ತಾರೆ. ಸೀರೆಯ ಅಗಲಕ್ಕೂ ಹೀಗೆ ಎಳೆಎಳೆಯಾಗಿ ಕೊಂಡಿ ಹಾಕುತ್ತ ಹೋಗಬೇಕು. ಇತರ ಕಡೆಗಳಲ್ಲಿ ಒಂದೇ ಉದ್ದನೆಯ ಹಾಸಿನಲ್ಲಿ ಹಲವು ಸೀರೆಗಳನ್ನು ಸಾಲಾಗಿ ನೇಯಬಹುದು. ಇಲ್ಲಿ ಒಂದೊಂದು ಸೀರೆಗೂ ಹಾಸು ಹೊಸದು, ಕೊಂಡಿ ಹೊಸದು. ನಾವು ಹೋದ ಮನೆಯಲ್ಲಿ ಈ ಕೆಲಸವನ್ನು ನೇಕಾರನ ಹೆಂಡತಿ ಮಾಡುತ್ತಿದ್ದಳು. ಆ ಕೈಯ ವೇಗಕ್ಕೆ ನಮ್ಮ ಕಣ್ಣು ಸಾಲದಾಗುತ್ತಿತ್ತು. ಕೆಂಪು ಸೆರಗಿನ ಮೇಲೆ ಬಿಳಿಯ ಜೋಳದ ತೆನೆ, ಹಣಿಗೆ, ಕೋಟೆಯ ಗೋಡೆ, ಬೆಟ್ಟದ ಸಾಲು ಇವೇ ಮೊದಲಾದ ಆಕೃತಿಗಳು ಎದ್ದು ನಿಲ್ಲುವುದನ್ನು ಎಲ್ಲರೂ ನೋಡಿ ಮೆಚ್ಚುತ್ತಾರೆ. ಮೈಯೂ ಸೆರಗೂ ಕೂಡುವ ಗೆರೆಯನ್ನು ಉಟ್ಟವರೂ ಹುಡುಕಿ ನೋಡುವುದಿಲ್ಲ.

ನಮ್ಮ ತಂಡಕ್ಕಾಗಿ ಆ ನೇಕಾರನು ಒಂದು ಮಗ್ಗವನ್ನು ತೆರವು ಮಾಡಿಟ್ಟನು. ಹತ್ತಿಯ ಹಾಸು ಸಿದ್ಧವಾಗಿತ್ತು. ಸೆರಗು ಹೇಗಿರಬೇಕೆಂದು ನಾವು ಹೇಳಿದರೆ ಕೊಂಡಿ ಹಾಕಿ ಕೆಲಸಕ್ಕೆ ತೊಡಗಬಹುದು. ಹೇಳಬೇಕಾದವರು ಐವರು! ನಮ್ಮಲ್ಲೊಬ್ಬಳಿಗೆ ಸೆರಗು ನೀಲಿಯಾಗಲೇಬೇಕು. ನೂರಾರು ಕೆಂಪು ಸೆರಗುಗಳ ನಡುವೆ ತನ್ನದೊಂದು ನೀಲಿ ಎದ್ದು ಕಾಣಬೇಕೆಂಬ ಹಂಬಲ. ಮತ್ತೊಬ್ಬಳಿಗೆ ತೆನೆಯನ್ನು ತೆಗೆದುಹಾಕಿ ಹೊಸ ಆಕೃತಿಯನ್ನು ಇಡುವ ಆಸೆ. ಮೂರನೆಯವಳು ಪಟ್ಟಣದ ಹುಡುಗಿಯರು ಸೀರೆ ಉಡುವುದಿಲ್ಲವಾದುದರಿಂದ ಎರಡು ತುದಿಗೂ ಸೆರಗಿರುವ ಸಣ್ಣ ಶಾಲುಗಳನ್ನು ನೇಯಿಸಬೇಕೆಂದಳು. ಇದನ್ನು ಕೇಳಿ ನೇಕಾರನ ತಾಯಿ ಬಾಯಿಗೆ ಸೆರಗು ಹಚ್ಚಿ ನಕ್ಕರು. ಇಡೀ ಸೀರೆಗೆ ಒಮ್ಮೆ ಹಾಕುವ ಕೊಂಡಿಯನ್ನು ಎರಡು ಗಜದ ತುಂಡಿಗೆ ಎರಡು ಸಲ ಹಾಕುವುದಾದರೆ ಅದನ್ನು ಕೊಳ್ಳುವವರು ಅರಸರ ಮಕ್ಕಳೇ ಆಗಬೇಕಷ್ಟೆ! ನಾಲ್ಕನೆಯವಳಿಗೆ ಬಟ್ಟೆಗಿಂತ ಬಟ್ಟೆಯ ಕಥೆಯನ್ನು ಅಚ್ಚುಹಾಕಿಸುವುದೇ ಮುಖ್ಯ. ಐದನೆಯವಳನ್ನು ಕೇಳಿದಾಗ, "ನನಗೇನೂ ತೋಚಿಲ್ಲ, ನೀವು ಹೇಳಿರಿ, ಲೆಕ್ಕ ನಾನು ಬರೆದುಕೊಳ್ಳುತ್ತೇನೆ" ಎಂದಳು. ಅವಳಿಗೆ ಕಲ್ಪನಾಶಕ್ತಿ ಕಡಿಮೆಯೆಂದು ನಾಲ್ವರೂ ಒಳಗೊಳಗೇ ತೀರ್ಮಾನಿಸಿದೆವು.

ದಿನವೂ ಬೆಳಗ್ಗೆ ನಾವು ಹೋಗಿ ಪಡಸಾಲೆಯಲ್ಲಿ ಕುಳಿತ ಕೂಡಲೆ ನೇಕಾರನು ಬಹು ವಿನಯದಿಂದ, "ಅಕ್ಕಾರ, ಸೆರಗಿನ ಬಣ್ಣ ಯಾವ್ದು ಆತ್ರಿ?" ಎಂದು ಕೇಳುವನು. ನಾವು ಕಾಗದಗಳನ್ನು ಹರಡಿಕೊಂಡು ವಾದಕ್ಕೆ ತೊಡಗುವೆವು. ಚಹ ಬರುವುದು. ಮಧ್ಯಾಹ್ನವಾಗುವುದು. ನಾಳೆ ಖಂಡಿತ ಹೇಳುತ್ತೇವೆಂದು ಏಳುವೆವು. ಈಗ ಹಿಂದಿರುಗಿ ನೋಡಿದರೆ ಆ ವಾದಗಳಲ್ಲಿ ಬುದ್ಧಿಯ ಮಾತುಗಳೂ ಇದ್ದವೆಂದು ಒಪ್ಪಲೇಬೇಕು. ನೀಲಿಯ ಪರವಾಗಿ ಮಂಡಿಸಿದ ಕಾರಣಗಳು ಈಗಲೂ ಸರಿಯೆಂದೇ ನಮ್ಮಲ್ಲೊಬ್ಬಳ ಅಭಿಪ್ರಾಯ. ಆದರೆ ಪ್ರತಿಯೊಬ್ಬಳೂ ಇನ್ನೊಬ್ಬಳ ಮಾತನ್ನು ಕೇಳುತ್ತಿದ್ದುದು ಅದರಲ್ಲಿ ಹುಳುಕು ಹುಡುಕುವುದಕ್ಕಾಗಿಯೇ.

ಒಂದು ಸಂಜೆ ಬಿಡಾರದಲ್ಲಿ ಊಟ ಮಾಡುತ್ತಿರುವಾಗ ಐದನೆಯವಳು ತನ್ನ ಲೆಕ್ಕದ ಪುಸ್ತಕವನ್ನು ನಮ್ಮ ಮುಂದಿಟ್ಟಳು. ನೂಲು, ಬಣ್ಣ, ಬಸ್ಸಿನ ಚೀಟಿ, ಬಾಳೆಹಣ್ಣು ಮುಂತಾದವುಗಳ ಕೆಳಗೆ, ಖರ್ಚಿನ ಕಡೆಯಲ್ಲಿ, "ಮಗ್ಗ ಖಾಲಿ, 11 ದಿನ" ಎಂದು ಬರೆದಿತ್ತು. ಮುಂದೆ ಮೊತ್ತದ ಸ್ಥಳ ಬರಿದಾಗಿತ್ತು. ಇದೇನೆಂದು ಕೇಳಿದೆವು. ನೇಕಾರನಿಗೆ ಕೂಲಿ ಸಿಕ್ಕುವುದು ಸೀರೆ ಮುಗಿದರೆ, ದಿನಕ್ಕಲ್ಲ. ನಮಗಾಗಿ ನಿಲ್ಲಿಸಿದ ಮಗ್ಗದಲ್ಲಿ ಹನ್ನೊಂದು ದಿನಗಳಿಂದ ಒಂದು ಎಳೆಯೂ ಓಡಿಲ್ಲ. ಇದನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂದು ತನಗೆ ತಿಳಿಯಲಿಲ್ಲ ಎಂದಳು. ಗದರಿಸಿ ಹೇಳಲಿಲ್ಲ, ಲೆಕ್ಕ ಕೂಡದ ಪೇಚಾಟದಲ್ಲಿ ಕೇಳಿದಂತಿತ್ತು.

ಅಂದಿನ ಊಟ ಹೇಗೆ ಮುಗಿಯಿತೋ ನೆನಪಿಲ್ಲ. ವಿದ್ಯಾಲಯದಿಂದ ಬಂದಿದ್ದ ಹಣದಲ್ಲಿ ಇಂಥ ಬಾಬಿಗೆ ಅವಕಾಶವಿರಲಿಲ್ಲ. ನಮ್ಮ ಕೈಯಲ್ಲಿದ್ದುದು ವರ್ಷದ ಕೊನೆಯಲ್ಲಿ ತಂತಮ್ಮ ಕೃತಿಗಳ ಸಂಪುಟವನ್ನು ಒಳ್ಳೆಯ ಕಾಗದದ ಮೇಲೆ ಅಚ್ಚುಹಾಕಿಸಲು ಒಬ್ಬೊಬ್ಬರೂ ಕೂಡಿಟ್ಟಿದ್ದ ಹಣ. ಉದ್ಯೋಗ ಕೊಡುವವರು ಮೊದಲು ನೋಡುವುದು ಆ ಸಂಪುಟವನ್ನೇ ಆದ್ದರಿಂದ ಅದರ ಬೆಲೆ ಪುಸ್ತಕದ ಬೆಲೆಯಷ್ಟೇ ಅಲ್ಲ. ಅದನ್ನು ಕೊಡೋಣವೆಂದು ಇಬ್ಬರು ಹೇಳಿದರು. ನೇಕಾರನೇ ಒಪ್ಪಿ ಮಗ್ಗ ನಿಲ್ಲಿಸಿದ್ದಾನೆ, ನಾವೇನು ಬಲಾತ್ಕಾರ ಮಾಡಿದೆವೆ ಎಂದು ಇಬ್ಬರು ಹೇಳಿದರು. ಈ ಲೇಖನವನ್ನು ಬರೆಯುತ್ತಿರುವ ನಾವಿಬ್ಬರೂ ಅಂದು ಒಂದೇ ಪಕ್ಷದಲ್ಲಿ ಇರಲಿಲ್ಲ. ಯಾರು ಯಾವ ಪಕ್ಷವೆಂಬುದನ್ನು ಬರೆಯಬೇಕೋ ಬೇಡವೋ ಎಂಬ ವಿಷಯದಲ್ಲಿ ಈ ವಾರವೆಲ್ಲ ನಮ್ಮೊಳಗೆ ಚರ್ಚೆ ನಡೆದು, ಬೇಡವೆಂದು ಒಪ್ಪಂದವಾಗಿದೆ. ಅಂತೂ ಅರ್ಧರಾತ್ರಿಯ ಹೊತ್ತಿಗೆ ಐವರೂ ಸಮವಾಗಿ ಹಾಕುವುದೆಂದು ಗೊತ್ತಾಯಿತು. ತಾನೊಬ್ಬಳು ತಡಮಾಡದಿದ್ದರೂ ಐದನೆಯವಳು ತನ್ನ ಪಾಲನ್ನೂ ಇಟ್ಟಳು.

ಮರುದಿನ ಹಣವನ್ನು ನೇಕಾರನ ತಾಯಿಯ ಮುಂದಿಟ್ಟೆವು. ಆಕೆ ಬೆರಳು ಮಡಿಸುತ್ತ ದಿನಗಳನ್ನೆಣಿಸಿ, ಒಂದು ದಿನದ ಹಣವನ್ನು ಬೇರ್ಪಡಿಸಿ ನಮ್ಮ ಕಡೆಗೆ ಸರಿಸಿದರು. "ಅಮಾಸಿ ದಿವಸ ನಾವು ಮಗ್ಗ ಹೂಡಂಗಿಲ್ಲ, ಅದರ ರೊಕ್ಕ ನಮಗ ಬ್ಯಾಡ" ಎಂದರು. ಉಳಿದುದನ್ನು ಉಪಕಾರವೆಂಬಂತೆ ಅಲ್ಲ, ಬರತಕ್ಕದ್ದು ಬಂತೆಂಬಂತೆ ತೆಗೆದುಕೊಂಡು ಒಳಗಿಟ್ಟರು. ಐದನೆಯವಳು ಅಲ್ಲಿಯೇ ಕುಳಿತು 11ನ್ನು ಹೊಡೆದು 10 ಎಂದು ತಿದ್ದಿದಳು.

ಸೆರಗು ಕೆಂಪಾಗಿಯೇ ಉಳಿಯಿತು. ಉಳಿದ ದಿನಗಳಲ್ಲಿ ಹೊಸದಾಗಿ ರೇಷ್ಮೆಗೆ ಬಣ್ಣ ಕಟ್ಟಿಸಲು ಸಮಯವಿರಲಿಲ್ಲ, ಮನೆಯಲ್ಲಿದ್ದ ರೇಷ್ಮೆ ಕೆಂಪು. ಮೈಯ ಚೌಕುಳಿಯ ಅಳತೆಯನ್ನು ಸ್ವಲ್ಪ ಹಿಗ್ಗಿಸಿ, ತೆನೆಗಳ ನಡುವಣ ಎಡೆಯನ್ನು ಬದಲಾಯಿಸಿದೆವು. ಬಟ್ಟೆ ಮಗ್ಗದಿಂದ ಇಳಿದಾಗ ಐವರಿಗೂ ಬಹಳ ಹಿಡಿಸಿತು. ಅದು ಯಾರ ಚಿತ್ರದಂತೆಯೂ ಇರಲಿಲ್ಲ.

ಹಿಂದಿರುಗಿದ ಮೇಲೆ ಪ್ರದರ್ಶನದ ಫಲಕವನ್ನು ಬರೆದವರು ನಾವಿಬ್ಬರು. ನಾಲ್ವರ ಹೆಸರಿನ ಮುಂದೆ "ವಿನ್ಯಾಸ" ಎಂದೂ ಐದನೆಯ ಹೆಸರಿನ ಮುಂದೆ "ಲೆಕ್ಕಪತ್ರ" ಎಂದೂ ಬರೆದೆವು. ದ್ವೇಷದಿಂದ ಬರೆದುದಲ್ಲ, ಅದು ನಿಜವೆಂದೇ ನಮಗೆ ತೋರಿತ್ತು. ಪರೀಕ್ಷಕರು ಒಬ್ಬೊಬ್ಬಳನ್ನೂ ಕರೆದು, ಇದರಲ್ಲಿ ನಿನ್ನದು ಯಾವುದು ಎಂದು ಕೇಳಿದರು. ಒಬ್ಬಳು ಚೌಕುಳಿಯನ್ನು ತೋರಿಸಿದಳು. ಒಬ್ಬಳು ತೆನೆಗಳ ಎಡೆಯನ್ನು ತೋರಿಸಿದಳು. ಒಬ್ಬಳು ನೇಯದೆ ಉಳಿದ ನೀಲಿಯ ಚಿತ್ರವನ್ನು ತೋರಿಸಿ ಕಾರಣಗಳನ್ನು ವಿವರಿಸಿದಳು. ಐದನೆಯವಳು ಪುಸ್ತಕವನ್ನು ಮುಂದಿಟ್ಟಳು. ಪರೀಕ್ಷಕರು ಹಾಳೆಗಳನ್ನು ತಿರುವುತ್ತ, ಈ ಹನ್ನೊಂದು ಹತ್ತಾದುದು ಹೇಗೆಂದು ಕೇಳಿದರು. ಅವಳು ಅಮಾವಾಸ್ಯೆಯ ವಿಷಯವನ್ನು ಹೇಳಿದಳು. ಅಷ್ಟೆ. ಐವರಲ್ಲಿ ಅತಿ ಕಡಿಮೆ ಅಂಕಗಳು ಅವಳಿಗೆ ಬಂದವು. ನೀಲಿಯ ಚಿತ್ರಕ್ಕೆ ಅತಿ ಹೆಚ್ಚು ಬಂದವು. ಇದು ಸರಿಯಲ್ಲವೆಂದು ನಾವು ಆಗ ಯಾರಿಗೂ ಹೋಗಿ ಹೇಳಲಿಲ್ಲ. ಹೇಳಬೇಕಾಗಿತ್ತು.

ಈಗ ನಮ್ಮಲ್ಲೊಬ್ಬಳು ಬೆಂಗಳೂರಿನಲ್ಲಿ ಬಟ್ಟೆಗಳ ಕೆಲಸದಲ್ಲಿಯೂ ಮತ್ತೊಬ್ಬಳು ಮಕ್ಕಳಿಗೆ ಚಿತ್ರ ಕಲಿಸುವ ಕೆಲಸದಲ್ಲಿಯೂ ಇದ್ದೇವೆ. ಐದನೆಯವಳು ನೇಕಾರರ ಒಂದು ಸಂಘದಲ್ಲಿದ್ದಾಳೆ; ಯಾವ ಮಗ್ಗಕ್ಕೆ ಯಾವ ಹಾಸು ಎಂದು ಹೋಗಬೇಕೆಂದು ಗೊತ್ತುಮಾಡುವುದು ಅವಳ ಕೆಲಸ. ಈ ಲೇಖನದ ಕರಡನ್ನು ಅವಳಿಗೆ ಕಳುಹಿಸಿ, ಫಲಕದ ವಿಷಯದಲ್ಲಿ ಕ್ಷಮೆ ಕೇಳಿ, ಅಚ್ಚುಮಾಡಲು ಅವಳ ಅನುಮತಿಯನ್ನು ಬೇಡಿದ್ದೆವು. ಒಂದು ವಾರದ ಮೇಲೆ ಉತ್ತರ ಬಂತು. ಫಲಕದ ಮಾತನ್ನೇ ಎತ್ತಿಲ್ಲ. ಅಚ್ಚುಮಾಡಬಹುದು, ಆದರೆ ಒಂದು ತಪ್ಪಿದೆ ಎಂದು ಬರೆದಿದ್ದಾಳೆ: ಕೊಂಡಿ ಹಾಕುತ್ತಿದ್ದವರು ನೇಕಾರನ ತಾಯಿಯೆಂದು ನಾವು ಬರೆದಿದ್ದೆವು, ಆ ಮುದುಕಿಗೆ ಕಣ್ಣು ಮಂದ, ಹಾಕುತ್ತಿದ್ದವಳು ಸೊಸೆ. ಮೇಲೆ ಅದನ್ನು ತಿದ್ದಿದ್ದೇವೆ. ಸೊಸೆಯ ಹೆಸರನ್ನೂ ಕಾಗದದಲ್ಲಿ ಬರೆದಿದ್ದಾಳೆ. ಆರು ವಾರ ಅವರ ಪಡಸಾಲೆಯಲ್ಲಿ ಕುಳಿತು ಚಹ ಕುಡಿದ ನಮಗೆ ಅದು ತಿಳಿದಿರಲಿಲ್ಲ.