ಅಬ್ಬರವೂ ಓಜಸ್ಸೂ

ವಯಸ್ಸು ಇಳಿದಂತೆಲ್ಲ ಮನುಷ್ಯನ ರುಚಿಯು ಮೃದುವಾಗುತ್ತ ಹೋಗುವುದು ಎಲ್ಲರೂ ಕಂಡ ಸಂಗತಿಯೇ. ಯೌವನದಲ್ಲಿ ಕಾರವನ್ನು ಬೇಡುತ್ತಿದ್ದ ನಾಲಗೆಯು ಮುಪ್ಪಿನಲ್ಲಿ ಮಜ್ಜಿಗೆಯನ್ನಕ್ಕೆ ಒಲಿಯುತ್ತದೆ. ಇದು ಜಠರಾಗ್ನಿಯು ಕುಂದಿದುದರ ಫಲವೇ ಹೊರತು ವಿವೇಕವು ಬೆಳೆದುದರ ಫಲವಲ್ಲವೆಂಬುದನ್ನು ಯಾರೂ ಮರೆಮಾಚುವುದಿಲ್ಲ. ಆದರೆ ಸಂಗೀತ ಸಾಹಿತ್ಯಗಳ ವಿಷಯ ಬಂದಾಗ ಇದೇ ಕುಂದನ್ನು ಜನರು ಪರಿಪಾಕವೆಂದು ಕರೆದುಕೊಳ್ಳುತ್ತಾರೆ. ಹಾಗೆ ಕರೆದುಕೊಂಡು ನಲವತ್ತು ವರ್ಷಗಳನ್ನು ಕಳೆದ ಒಬ್ಬ ಶ್ರೋತೃವಿನ ವೃತ್ತಾಂತವಿದು. ಅವನು ಮನಸ್ಸಿಟ್ಟು ಕೇಳುತ್ತಿದ್ದುದು ಅಮೆರಿಕೆಯ ಕಪ್ಪು ಜನರ ನಡುವೆ ಹುಟ್ಟಿ ಲೋಕವನ್ನೆಲ್ಲ ವ್ಯಾಪಿಸಿದ ಜಾಝ್ ಸಂಗೀತವನ್ನು.

ಮಲೆನಾಡಿನ ಅಂಚಿನ ಸಣ್ಣ ಊರೊಂದಕ್ಕೆ ಜಾಝ್ ಎಲ್ಲಿಂದ ಬಂತೆಂದು ವಾಚಕರು ಕೇಳಬಹುದು. ಬಂದುದು ಆಕಾಶಮಾರ್ಗದಿಂದ. ೧೯೫೫ರಿಂದ ಮೊದಲ್ಗೊಂಡು ‘ವಾಯ್ಸ್ ಆಫ್ ಅಮೆರಿಕಾ’ ಎಂಬ ಬಾನುಲಿಯು ವಿಲಿಸ್ ಕಾನೊವರ್ ಎಂಬಾತನ ಜಾಝ್ ಕಾರ್ಯಕ್ರಮವನ್ನು ಕಿರುತರಂಗಗಳ ಮೇಲೆ ದೇಶದೇಶಗಳಿಗೆ ಕಳುಹಿಸುತ್ತಿತ್ತು. ಗಂಭೀರವಾದ ಕಂಠ, ಇಂಗ್ಲಿಷನ್ನು ಅರೆಬರೆಯಾಗಿ ಬಲ್ಲವರಿಗೂ ತಿಳಿಯುವಂತೆ ಒಂದೊಂದು ಶಬ್ದವನ್ನೂ ಬಿಡಿಸಿ ಆಡುವ ನಿಧಾನವಾದ ಮಾತು. ಆ ಬಾನುಲಿಯು ಸ್ವದೇಶದವರಿಗಾಗಿ ಪ್ರಸಾರ ಮಾಡಕೂಡದೆಂದು ಅಮೆರಿಕೆಯಲ್ಲಿ ಕಾಯಿದೆಯಿದ್ದುದರಿಂದ, ಪರದೇಶಗಳಲ್ಲಿ ಲಕ್ಷಾಂತರ ಜನಕ್ಕೆ ಪರಿಚಿತವಾದ ಆ ಕಂಠವು ತಾನು ಹುಟ್ಟಿದ ನಾಡಿನಲ್ಲಿ ಬಹುಮಟ್ಟಿಗೆ ಅಪರಿಚಿತವಾಗಿಯೇ ಉಳಿಯಿತು.

೧೯೭೦ರ ಅನಂತರದ ವರ್ಷಗಳಲ್ಲಿ ಆ ಕಂಠವನ್ನು ಕೇಳುತ್ತಿದ್ದ ಅಣ್ಣತಮ್ಮಂದಿರಿಬ್ಬರು ಆ ಊರಿನಲ್ಲಿದ್ದರು. ಅಣ್ಣನು ಅಕ್ಕಿಯ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸದವನು. ತಮ್ಮನು ಹನ್ನೆರಡು ವರ್ಷ ಕಿರಿಯನು, ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿ. ತಂದೆಯಿಲ್ಲದ ಮನೆ; ತಮ್ಮನ ಓದು ನಡೆಯುತ್ತಿದ್ದುದು ಗಿರಣಿಯ ಸಂಬಳದಿಂದ.

ಅಣ್ಣನಿಗೆ ಪ್ರಿಯವಾಗಿದ್ದುದು ಬಿಗ್ ಬ್ಯಾಂಡ್ ಎಂಬ ದೊಡ್ಡ ವಾದ್ಯವೃಂದ. ಕೌಂಟ್ ಬೇಸಿ, ಬೆನ್ನಿ ಗುಡ್‌ಮನ್, ಡ್ಯೂಕ್ ಎಲಿಂಗ್ಟನ್ ಎಂಬ ಹೆಸರುಗಳನ್ನು ಅವನು ಕಿವಿಗೆ ಬಿದ್ದಂತೆ ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದನು. ಹಗಲೆಲ್ಲ ಯಂತ್ರದ ಮಗ್ಗುಲಲ್ಲಿ ನಿಂತು ಬಂದವನು ರಾತ್ರಿ ರೇಡಿಯೋದ ಮುಂದೆ ಕುಳಿತು, ಹಿತ್ತಾಳೆಯ ವಾದ್ಯಗಳೆಲ್ಲ ಒಮ್ಮೆಗೇ ಮೊಳಗಿದಾಗ ತೊಡೆ ತಟ್ಟಿ ನಗುತ್ತಿದ್ದನು. ತಮ್ಮನೂ ಮೊದಮೊದಲು ಜೊತೆಗೂಡಿ ನಕ್ಕವನೇ. ಅಲಂಕಾರಶಾಸ್ತ್ರದ ತರಗತಿಗೆ ಬಂದ ಮೇಲೆ ಅವನ ಕಿವಿಗೆ ಬೇರೊಂದು ಬುದ್ಧಿ ಹುಟ್ಟಿತು. ಕಾವ್ಯದೋಷಗಳ ಪ್ರಕರಣವನ್ನು ಹೊಸದಾಗಿ ಓದಿದ ವಿದ್ಯಾರ್ಥಿಯು ಮನೆಯ ಹೆಂಗಸರ ಜೋಗುಳದಲ್ಲಿಯೂ ದೋಷವನ್ನೇ ಹುಡುಕುವನಷ್ಟೆ. ಇವನ ಕೈಗೆ ಸಿಕ್ಕಿದುದು ಅಣ್ಣನ ಬ್ಯಾಂಡು. ಇದು ಗ್ರಾಮ್ಯ, ಇದರಲ್ಲಿ ಬರಿಯ ಬಲವುಂಟು, ಭಾವವಿಲ್ಲ ಎಂದು ತೀರ್ಪಿತ್ತನು. ಒಂದು ರಾತ್ರಿ, “ಹಗಲೆಲ್ಲ ಗಿರಣಿಯ ಗದ್ದಲ ಕೇಳಿದ್ದು ಸಾಲದೇ ಅಣ್ಣ, ಮನೆಯಲ್ಲಿಯೂ ಅದೇ ಬೇಕೇ?” ಎಂದುಬಿಟ್ಟನು. ಅಣ್ಣನು ರೇಡಿಯೋವನ್ನು ಸಣ್ಣದು ಮಾಡಿ, “ಗಿರಣಿಯದು ಗದ್ದಲ ಕಣೋ. ಇದು ಗದ್ದಲವಲ್ಲ,” ಎಂದಷ್ಟೇ ಹೇಳಿದನು. ಮುಂದೆ ತಮ್ಮನು ಮನೆಯಲ್ಲಿದ್ದಾಗ ಅವನು ಆ ಸಂಗೀತವನ್ನು ಹಾಕಲಿಲ್ಲ.

ತಮ್ಮನು ಉದ್ಯೋಗ ಹಿಡಿದು ಬೇರೆ ಊರಿಗೆ ಹೋದನು. ಜಾಝ್ ಮಾತ್ರ ಅವನನ್ನು ಬಿಡಲಿಲ್ಲ. ಅದರಲ್ಲಿ ಸಣ್ಣ ಮೇಳಗಳನ್ನಷ್ಟೇ ಅವನು ಆರಿಸಿಕೊಂಡನು. ೧೯೫೯ರಲ್ಲಿ ಮುದ್ರಿತವಾದ ಮೈಲ್ಸ್ ಡೇವಿಸನ ‘ಕೈಂಡ್ ಆಫ್ ಬ್ಲೂ’, ಬಿಲ್ ಇವಾನ್ಸನ ಪಿಯಾನೊ, ಲೆಸ್ಟರ್ ಯಂಗನ ಉಸಿರಿನಂತಹ ಸ್ಯಾಕ್ಸೊಫೋನ್, ಇವು ಅವನ ನಿತ್ಯಪಾರಾಯಣವಾದುವು. ಮಾಧುರ್ಯವೇ ಗುಣಗಳಲ್ಲಿ ಶ್ರೇಷ್ಠವೆಂದು ಅವನು ಗೆಳೆಯರಿಗೆ ಬೋಧಿಸುತ್ತಿದ್ದನು. ಮೃದುತ್ವಕ್ಕೆ ಗುರುವೆಂದು ತಾನು ಪೂಜಿಸುತ್ತಿದ್ದ ಲೆಸ್ಟರ್ ಯಂಗನು ಹೆಸರು ಪಡೆದುದು ಕೌಂಟ್ ಬೇಸಿಯ ದೊಡ್ಡ ವೃಂದದಲ್ಲಿಯೇ ಎಂಬುದನ್ನು ಓದಿ ತಿಳಿದಿದ್ದರೂ, ಆ ತಿಳಿವಳಿಕೆಯು ಕಿವಿಯವರೆಗೆ ಇಳಿದಿರಲಿಲ್ಲ. ಪಂಡಿತರಲ್ಲಿ ಇಂತಹ ಕಿವುಡು ಅಪರೂಪವೇನಲ್ಲ.

ಮೂರು ವರ್ಷಗಳ ಹಿಂದೆ ಅತ್ತಿಗೆಯು ತೀರಿಕೊಂಡ ಮೇಲೆ ಅಣ್ಣನು ತಮ್ಮನ ಮನೆಗೆ ಬಂದು ನೆಲೆಸಿದನು. ಗಿರಣಿಯ ನಾಲ್ಕು ದಶಕಗಳು ಅವನ ಕಿವಿಗಳನ್ನು ತಿಂದುಹಾಕಿದ್ದುವು. ಮೇಲಿನ ಸ್ವರಗಳು ಮೊದಲೇ ಹೋಗಿ, ಕೆಳಗಿನ ದಪ್ಪನಾದಗಳಷ್ಟು ಉಳಿದಿದ್ದುವು. ಕಿವಿಯ ಯಂತ್ರವು ಎಲ್ಲವನ್ನೂ ತಗಡಿನ ಸದ್ದು ಮಾಡುವುದೆಂದು ಅದನ್ನು ಡಬ್ಬಿಯಲ್ಲಿಯೇ ಇಟ್ಟಿದ್ದನು. ಒಂದು ಸಂಜೆ ತಮ್ಮನು ಎಂದಿನಂತೆ ಪಿಯಾನೊ ಕೇಳುತ್ತಿರಲು ಅಣ್ಣನು ಬಂದು ಧ್ವನಿಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತು, “ಏನೂ ಇಲ್ಲವಲ್ಲೋ ಇದರಲ್ಲಿ,” ಎಂದು ಕೈ ತೆಗೆದನು. ಅದರಲ್ಲಿ ಹಾಸ್ಯವಾಗಲಿ ಕೊಂಕಾಗಲಿ ಇರಲಿಲ್ಲ. ಆ ಮಾತು ತಮ್ಮನನ್ನು ಆ ರಾತ್ರಿ ನಿದ್ರೆಗೆಡಿಸಿತು. ಮರುದಿನ ಅವನು ಬೇಸಿಯ ಮುದ್ರಿಕೆಗಳನ್ನು ಹುಡುಕಿ ಹಾಕಿದನು. ತನ್ನ ಸುಖಕ್ಕಲ್ಲ, ಅಣ್ಣನ ಅಂಗೈಗೆ ಏನಾದರೂ ಸಿಗಲೆಂದು.

ಸಿಕ್ಕಿಬಿದ್ದವನು ತಮ್ಮನೇ. ಮೊದಲು ಹಾಕಿದುದು ೧೯೩೭ರ ಜುಲೈ ೭ರಂದು ಮುದ್ರಿತವಾದ ‘ಒನ್ ಓ ಕ್ಲಾಕ್ ಜಂಪ್’; ಮೂರು ನಿಮಿಷಗಳ ಕೃತಿ, ಆ ಕಾಲದ ಅರಗಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುವಷ್ಟು. ಪಿಯಾನೊ ಒಬ್ಬಂಟಿಯಾಗಿ ಮಾತನ್ನೆತ್ತುತ್ತದೆ. ಒಬ್ಬೊಬ್ಬರಾಗಿ ವಾದಕರು ಬಂದು ತಮ್ಮ ಮಾತು ಹೇಳಿ ಸರಿಯುತ್ತಾರೆ. ಕೊನೆಗೆ ಒಂದು ಪಂಗಡವು ಚಿಕ್ಕದೊಂದು ಪಲ್ಲವಿಯನ್ನು ಹಿಡಿಯಲು ಮತ್ತೊಂದು ಅದಕ್ಕೆ ಉತ್ತರ ಕೊಡುತ್ತ, ಹಿಂದಿನ ಮೊದಲು ಮುಂದಿನದು ಏರಿ, ಇಡೀ ಮನೆಯೇ ಎದ್ದು ನಿಂತಂತಾಗುತ್ತದೆ. ಇದು ಕ್ಯಾನ್ಸಸ್ ಸಿಟಿಯಲ್ಲಿ ಬೆಳೆದ ಪದ್ಧತಿ. ಅಲ್ಲಿ ಬೇಸಿಯ ವಾದಕರು ಇಂತಹ ಪಲ್ಲವಿಗಳನ್ನು ಕಾಗದದ ಮೇಲೆ ಬರೆಯದೆ, ರಾತ್ರಿಯ ಕುಣಿತದ ನಡುವೆಯೇ ಒಬ್ಬರ ಬಾಯಿಂದ ಒಬ್ಬರು ಕಲಿತು ಕಂಠಸ್ಥ ಮಾಡಿಕೊಳ್ಳುತ್ತಿದ್ದರು. ನ್ಯೂಯಾರ್ಕಿನಲ್ಲಿ ಫ್ಲೆಚರ್ ಹೆಂಡರ್ಸನ್, ಡಾನ್ ರೆಡ್‌ಮನ್ ಎಂಬವರು ಅದಕ್ಕೂ ಹತ್ತು ವರ್ಷ ಹಿಂದೆಯೇ ಹಿತ್ತಾಳೆಯ ಪಂಗಡಕ್ಕೂ ಸ್ಯಾಕ್ಸೊಫೋನುಗಳ ಪಂಗಡಕ್ಕೂ ಬರಹದಲ್ಲಿಯೇ ಸಂವಾದವನ್ನು ಏರ್ಪಡಿಸಿದ್ದರು. ವೃಂದವು ದೊಡ್ಡದಾದುದು ಕುಣಿತದ ಮಂಟಪಗಳು ದೊಡ್ಡವಾದುದರಿಂದ. ೧೯೨೬ರಲ್ಲಿ ಹಾರ್ಲೆಮ್ಮಿನಲ್ಲಿ ತೆರೆದ ಸವಾಯ್ ಮಂಟಪವು ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗಿತ್ತು, ಅದಕ್ಕೆ ಎರಡು ವೇದಿಕೆಗಳು. ಸಾವಿರಾರು ಪಾದಗಳ ಸದ್ದನ್ನು ಮೀರಿ ಕೇಳಿಸಬೇಕಾದರೆ ಹದಿನೈದು ಹದಿನಾರು ಮಂದಿಯಾದರೂ ಬೇಕು.

ತಮ್ಮನಿಗೆ ಆಗ ನೆನಪಾದುದು ತಾನೇ ಆಯುಧವಾಗಿ ಬೀಸಿದ ಶಾಸ್ತ್ರ. ಮಾಧುರ್ಯವು ಚಿತ್ತವನ್ನು ಕರಗಿಸುವುದಾದರೆ, ಓಜಸ್ಸು ಅದನ್ನು ಹೊತ್ತಿಸಿ ಹಿಗ್ಗಿಸುವುದೆಂದು ಮಮ್ಮಟನು ಹೇಳುತ್ತಾನೆ. ಎರಡನ್ನೂ ಗುಣಗಳ ಪಂಕ್ತಿಯಲ್ಲಿಯೇ ಕೂರಿಸಿದ್ದಾನೆ. ದಂಡಿಯಂತೂ ಸಮಾಸಗಳ ದಟ್ಟಣೆಯಲ್ಲಿ ಓಜಸ್ಸನ್ನು ಕಂಡನು. ಐದು ಸ್ಯಾಕ್ಸೊಫೋನುಗಳು ಐದು ಬೇರೆ ಸ್ವರಗಳಲ್ಲಿದ್ದು ಒಂದೇ ನುಡಿಗಟ್ಟನ್ನು ಒಂದೇ ಉಸಿರಿನಲ್ಲಿ ಹೇಳುವಾಗ ಆಗುವುದು ಸಮಾಸವಲ್ಲದೆ ಮತ್ತೇನು? ಪದಗಳು ತಂತಮ್ಮ ವಿಭಕ್ತಿಗಳನ್ನು ಕಳೆದುಕೊಂಡು ಒಂದು ದೊಡ್ಡ ಪದವಾಗುವಂತೆ, ಅಲ್ಲಿ ವಾದಕನು ತನ್ನ ತುದಿಯನ್ನು ಬಿಟ್ಟುಕೊಡುತ್ತಾನೆ. ಎಲಿಂಗ್ಟನ್ನನ ವೃಂದವನ್ನು ಅಲುಕ್ಸಮಾಸವೆನ್ನಬೇಕು. ಅವನು ವಾದ್ಯಕ್ಕೆ ಬರೆಯದೆ ವಾದಕನಿಗೆ ಬರೆದವನಾದುದರಿಂದ ಜಾನಿ ಹಾಡ್ಜಸನ ಸ್ವರವು ಯುಧಿಷ್ಠಿರನ ವಿಭಕ್ತಿಯಂತೆ ಒಳಗಿದ್ದೂ ಲೋಪವಾಗುವುದಿಲ್ಲ. ಇದು ವೈಯಾಕರಣರ ಹುಚ್ಚು ಹೋಲಿಕೆಯೆಂದು ಯಾರಾದರೂ ನಕ್ಕರೆ ನಗಲಿ.

ಇಷ್ಟಕ್ಕೂ ಈ ಸಂಗೀತದ ಬಲವಿರುವುದು ಗಟ್ಟಿಯಾದ ಸದ್ದಿನಲ್ಲಿ ಅಲ್ಲವೆಂಬುದು ಅವನಿಗೆ ತಿಳಿದುದು ಫ್ರೆಡಿ ಗ್ರೀನನ ಗಿಟಾರಿನಿಂದ. ಈತನು ೧೯೩೭ರಲ್ಲಿ ಬೇಸಿಯ ವೃಂದವನ್ನು ಸೇರಿ, ನಡುವೆ ಅಲ್ಪಕಾಲ ಬಿಟ್ಟರೆ, ೧೯೮೭ರಲ್ಲಿ ತಾನು ಸಾಯುವವರೆಗೂ ಅಲ್ಲಿಯೇ ಇದ್ದನು. ಬೇಸಿಯೇ ೧೯೮೪ರಲ್ಲಿ ತೀರಿಹೋಗಿದ್ದನು. ವಿದ್ಯುತ್ತಿನ ನೆರವಿಲ್ಲದ ಗಿಟಾರು, ಆವರ್ತಕ್ಕೆ ನಾಲ್ಕು ಮೀಟು, ಅರ್ಧ ಶತಮಾನದಲ್ಲಿ ಒಬ್ಬಂಟಿಯಾಗಿ ನುಡಿಸಿದುದು ಇಲ್ಲವೆನ್ನುವಷ್ಟು ಕಡಮೆ. ಕಿವಿಗೆ ಅದು ಬಹುವೇಳೆ ಕೇಳಿಸುವುದೇ ಇಲ್ಲ; ಆದರೂ ಹದಿನಾರು ಮಂದಿಯ ನಡಗೆ ನಿಂತಿರುವುದು ಅದರ ಮೇಲೆ. ೧೯೫೭ರ ಅಕ್ಟೋಬರಿನಲ್ಲಿ ಇದೇ ವೃಂದವು ನೀಲ್ ಹೆಫ್ಟಿಯ ರಚನೆಗಳನ್ನು ನುಡಿಸಿ ಒಂದು ದೊಡ್ಡ ತಟ್ಟೆಯನ್ನು ಮುದ್ರಿಸಿತು. ಅದರ ರಟ್ಟಿನ ಮೇಲೆ ಅಣುಬಾಂಬು ಸಿಡಿದ ಚಿತ್ರವಿದೆ. ಸಹಸ್ರಾರು ಜನ ಬೆಂದುಹೋದುದನ್ನು ಉಲ್ಲಾಸದ ಚಿಹ್ನೆಯಾಗಿ ಬಳಸುವುದು ಸದಭಿರುಚಿಯಲ್ಲವೆಂಬ ಮಾತನ್ನು ಇಲ್ಲಿ ಹೇಳಲೇಬೇಕಾಗಿದೆ. ಆ ರಟ್ಟಿನೊಳಗೆ ಇರುವ ‘ಲಿಲ್ ಡಾರ್ಲಿನ್’ ಎಂಬ ಕೃತಿಯಾದರೋ ತುಂಬಿದ ಗರ್ಭಿಣಿಯಂತೆ ಹೆಜ್ಜೆಯಿಡುತ್ತದೆ. ಹೆಫ್ಟಿಯು ಇನ್ನೂ ಚುರುಕಾದ ಗತಿಯನ್ನು ಎಣಿಸಿದ್ದನೆಂದೂ ಬೇಸಿಯೇ ಅದನ್ನು ಇಳಿಸಿದನೆಂದೂ ಹೇಳುತ್ತಾರೆ. ಸಿಡಿಯಬಲ್ಲ ಹಿತ್ತಾಳೆಯು ಸಿಡಿಯದೆ ತಡೆದುಕೊಂಡಿರುವುದನ್ನು ಕೇಳುತ್ತ ತಮ್ಮನು ಎರಡು ದಿನ ಬೇರೇನನ್ನೂ ಹಾಕಲಿಲ್ಲ. ಗಿರಣಿಯ ಯಂತ್ರಕ್ಕೆ ತಡೆದುಕೊಳ್ಳುವುದು ಬಾರದು. ಅಣ್ಣನು ಅಂದು ಹೇಳಿದ ಭೇದವು ಇಷ್ಟೇ.

ಆ ಮೇಲೆ ಬಂದುದು ನ್ಯೂಪೋರ್ಟಿನ ಮುದ್ರಣ. ೧೯೫೬ರ ಜುಲೈ ೭ರ ರಾತ್ರಿ ಅಲ್ಲಿಯ ಉತ್ಸವದಲ್ಲಿ ಎಲಿಂಗ್ಟನ್ನನು ೧೯೩೭ರಲ್ಲಿ ತಾನು ರಚಿಸಿದ್ದ ಎರಡು ಕೃತಿಗಳನ್ನು ನಡುವೆ ಒಂದು ಸ್ಯಾಕ್ಸೊಫೋನಿನ ಸೇತುವೆಯಿಟ್ಟು ನುಡಿಸಿದನು. ಪಾಲ್ ಗೊನ್ಸಾಲ್ವೆಸನು ಹನ್ನೆರಡು ಆವರ್ತಗಳ ಪಲ್ಲವಿಯನ್ನು ಇಪ್ಪತ್ತೇಳು ಸಲ, ಎಂದರೆ ೩೨೪ ಆವರ್ತಗಳನ್ನು, ನಿಲ್ಲದೆ ನುಡಿಸಿದನು. ಮನೆಗೆ ಹೊರಟಿದ್ದ ಜನ ಹಿಂತಿರುಗಿ ಕುಣಿದರು; ಬೇಸಿಯ ಹಳೆಯ ಡ್ರಮ್ಮುಗಾರನಾದ ಜೋ ಜೋನ್ಸನು ವೇದಿಕೆಯ ಅಂಚಿನಲ್ಲಿ ಸುರುಳಿ ಸುತ್ತಿದ ವೃತ್ತಪತ್ರಿಕೆಯಿಂದ ತಾಳ ಬಡಿದು ಹುರಿದುಂಬಿಸಿದನು. ಆದರೆ ಗೊನ್ಸಾಲ್ವೆಸನು ಮುದ್ರಣದ ಕಂಪೆನಿಯ ಮೈಕಿಗೆ ಊದದೆ ಬೇರೊಂದಕ್ಕೆ ಊದಿದುದರಿಂದ, ತಟ್ಟೆಯಲ್ಲಿ ಅವನ ಸ್ವರವು ನಾಲ್ಕು ದಶಕಗಳ ಕಾಲ ದೂರದಿಂದ ಬಂದಂತೆಯೇ ಕೇಳಿಸುತ್ತಿತ್ತು. ಆ ಇನ್ನೊಂದು ಮೈಕು ವಾಯ್ಸ್ ಆಫ್ ಅಮೆರಿಕಾದ್ದು! ಅದರ ಧ್ವನಿಸುರುಳಿಯು ಅಮೆರಿಕೆಯ ಕಾಂಗ್ರೆಸ್ ಗ್ರಂಥಾಲಯದಲ್ಲಿ ಸಿಕ್ಕಿ, ಎರಡನ್ನೂ ಕೂಡಿಸಿದ ಪೂರ್ಣಪಾಠವು ೧೯೯೯ರಲ್ಲಿ ಹೊರಬಂದಿತು. ಅಣ್ಣತಮ್ಮಂದಿರಿಗೆ ಜಾಝನ್ನು ತಂದುಕೊಟ್ಟ ಬಾನುಲಿಯೇ ಆ ರಾತ್ರಿಯ ನಿಜಸ್ವರವನ್ನೂ ಕಾದಿಟ್ಟಿತ್ತು. ತಮ್ಮನು ಇದನ್ನು ಕಾಗದದ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದು ತೋರಿಸಿದಾಗ ಅಣ್ಣನು ಮಗುವಿನಂತೆ ನಕ್ಕನು.

ಈ ಉಲ್ಲಾಸದ ಬೆಲೆಯನ್ನು ತೆತ್ತವರ ವಿಚಾರವನ್ನೂ ಮರೆಯಲಾಗದು. ಎಲಿಂಗ್ಟನ್ನನು ಹೆಸರು ಮಾಡಿದ ಹಾರ್ಲೆಮ್ಮಿನ ಕಾಟನ್ ಕ್ಲಬ್ಬಿನಲ್ಲಿ ವೇದಿಕೆಯವರು ಕಪ್ಪು ಜನ, ಸಭೆಗೆ ಬಿಳಿಯರಿಗಷ್ಟೇ ಪ್ರವೇಶ. ದಕ್ಷಿಣದ ರಾಜ್ಯಗಳಲ್ಲಿ ಊಟವಸತಿಗಳ ಮನೆಗಳು ಬಾಗಿಲು ತೆರೆಯದ ಕಾರಣ ಅವನ ವೃಂದವು ರೈಲಿನ ಗಾಡಿಗಳನ್ನೇ ಬಾಡಿಗೆಗೆ ಹಿಡಿದು ಅವುಗಳಲ್ಲಿ ಉಂಡು ಮಲಗುತ್ತಿತ್ತು. ಕ್ಷಯದಿಂದ ಬೆನ್ನೆಲುಬು ಬಾಗಿ ಗಿಡ್ಡನಾಗಿಯೇ ಉಳಿದ ಚಿಕ್ ವೆಬ್ಬನು ೧೯೩೭ರ ಮೇ ೧೧ರಂದು ಸವಾಯ್ ಮಂಟಪದಲ್ಲಿ ಗುಡ್‌ಮನ್ನನ ವೃಂದದೊಡನೆ ಸ್ಪರ್ಧಿಸಿ ಗೆದ್ದನು. ಎದುರು ಕುಳಿತು ಡ್ರಮ್ ಬಾರಿಸಿದ ಜೀನ್ ಕ್ರೂಪನೇ ಸೋಲನ್ನು ಒಪ್ಪಿಕೊಂಡನು. ಎರಡು ವರ್ಷಗಳಲ್ಲಿ ವೆಬ್ಬನು ತೀರಿಹೋದನು. ಯುದ್ಧಕಾಲದ ಸೈನ್ಯಭರ್ತಿ, ಪೆಟ್ರೋಲಿನ ಅಭಾವ, ಕುಣಿತದ ಮೇಲಣ ತೆರಿಗೆ ಇವೆಲ್ಲ ಸೇರಿ ೧೯೪೬ರ ಕೊನೆಯ ಹೊತ್ತಿಗೆ ಎಂಟು ಪ್ರಸಿದ್ಧ ವೃಂದಗಳು ಕೆಲವೇ ವಾರಗಳಲ್ಲಿ ಚದುರಿದುವು. ವಂಶವು ಅಳಿಯಲಿಲ್ಲವೆನ್ನುವುದಕ್ಕೆ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆ ಸಾಕ್ಷಿ. ೧೯೬೬ರ ಫೆಬ್ರವರಿಯಲ್ಲಿ ಥ್ಯಾಡ್ ಜೋನ್ಸ್, ಮೆಲ್ ಲೂಯಿಸರು ಅಲ್ಲಿ ಪ್ರಾರಂಭಿಸಿದ ಸೋಮವಾರದ ವೃಂದವು ಇಂದಿಗೂ ನುಡಿಸುತ್ತಿದೆ.

ಈಗ ಆ ಮನೆಯಲ್ಲಿ ಸಂಜೆಯ ಒಂದು ಗಂಟೆ ಇಬ್ಬರಿಗೂ ಸೇರಿದ್ದು. ಅಣ್ಣನ ಆಸನವನ್ನು ಧ್ವನಿಪೆಟ್ಟಿಗೆಯ ಪಕ್ಕಕ್ಕೆ ಸರಿಸಲಾಗಿದೆ. ಅಂಗೈ ಅದರ ಮೇಲೆಯೇ ಇರುತ್ತದೆ. ಕಳೆದ ತಿಂಗಳು ಒಂದು ದಿನ ತಮ್ಮನು ೧೯೩೮ರ ಜನವರಿ ೧೬ರಂದು ಕಾರ್ನೆಗೀ ಸಭಾಂಗಣದಲ್ಲಿ ಗುಡ್‌ಮನ್ನನ ವೃಂದವು ನುಡಿಸಿದ ‘ಸಿಂಗ್ ಸಿಂಗ್ ಸಿಂಗ್’ ಎಂಬುದನ್ನು ಹಾಕಿದನು. ಹನ್ನೆರಡು ನಿಮಿಷಗಳ ಕೃತಿ. ಅದರ ಬಹುಭಾಗ ಕ್ರೂಪನ ಡ್ರಮ್ಮಿನ ಗುಡುಗು. ಅಣ್ಣನು ಕಣ್ಣು ಮುಚ್ಚಿ ತಲೆದೂಗುತ್ತಿದ್ದನು. ಕೊನೆಗೆ ಹಿತ್ತಾಳೆಯೆಲ್ಲ ಮೌನವಾಗಿ, ಡ್ರಮ್ಮು ಪಿಸುಮಾತಿಗಿಳಿದು, ಜೆಸ್ ಸ್ಟೇಸಿ ಎಂಬವನ ಪಿಯಾನೊ ಎರಡು ನಿಮಿಷಗಳ ಕಾಲ ದೇವರಮನೆಯಲ್ಲಿ ಒಬ್ಬನೇ ಕುಳಿತು ನುಡಿದಂತೆ ನುಡಿಯಿತು. ಅದು ಅಣ್ಣನಿಗೆ ಕೇಳಿಸಲಾರದು. ಅವನು ಕಣ್ಣು ತೆರೆದು, “ಮುಗಿಯಿತೇನೋ?” ಎಂದು ಕೈಯೆತ್ತಲು ಹೋದನು. ತಮ್ಮನು ತಲೆಯಾಡಿಸಿ, ಅಣ್ಣನ ಕೈಯ ಮೇಲೆ ತನ್ನ ಕೈಯಿಟ್ಟು ಅದನ್ನು ಅಲ್ಲಿಯೇ ಒತ್ತಿ ಹಿಡಿದನು. ಇಬ್ಬರೂ ಹಾಗೆಯೇ ಕಾದರು. ಪಿಯಾನೊ ನಿಂತಿತು, ಸಭೆಯ ಕರತಾಡನವಾಯಿತು, ಡ್ರಮ್ಮು ಮತ್ತೆ ಎದ್ದಿತು.