ನಾಲ್ಕನೆಯ ಮೀನು

ಅನಾಗತವಿಧಾತೃ, ಪ್ರತ್ಯುತ್ಪನ್ನಮತಿ, ಯದ್ಭವಿಷ್ಯ ಎಂಬ ಮೂರು ಮೀನುಗಳ ಪಂಚತಂತ್ರದ ಕಥೆಯನ್ನು ವಾಚಕರೆಲ್ಲರೂ ಬಲ್ಲರು. ಬೆಸ್ತರು ಬರುವ ಮುನ್ನವೇ ಮಡುವನ್ನು ಬಿಟ್ಟುಹೋದುದು ಮೊದಲನೆಯದು. ಸತ್ತಂತೆ ನಟಿಸಿ ಪಾರಾದುದು ಎರಡನೆಯದು. ಆಗುವುದಾಗಲೆಂದು ಕುಳಿತು ಬಲೆಗೆ ಬಿದ್ದುದು ಮೂರನೆಯದು. ಈ ಕಥೆಯನ್ನು ಮೂವತ್ತು ವರ್ಷಗಳಿಗೂ ಮಿಕ್ಕಿ ಹುಡುಗರಿಗೆ ಹೇಳಿದ ನನಗೆ, ಅವುಗಳ ಬಂಧುಗಳನ್ನು ಕಣ್ಣಾರೆ ಕಾಣುವ ಯೋಗವು ಅಮೆರಿಕಾ ದೇಶದಲ್ಲಿ ಒದಗಿತು.

ನನ್ನ ಅಳಿಯನು ಕ್ಯಾಲಿಫೋರ್ನಿಯಾ ಸಂಸ್ಥಾನದ ಸ್ಯಾನ್ ಡಿಯೇಗೋ ಪ್ರಾಂತದಲ್ಲಿ ಉದ್ಯೋಗಿ. ರಜಾದಿನ ಬಂದಿತೆಂದರೆ ಆತನು ಡಿಕ್ಸನ್ ಎಂಬ ಸರೋವರಕ್ಕೆ ಗಾಳ ಹಿಡಿದು ಹೊರಡುವನು. ಅದರ ವಿಸ್ತಾರ ಸುಮಾರು 70 ಎಕರೆ, ನೀರು ತಿಳಿ, ಗಾಳದವರ ಗುಂಪೋ ಸಂತೆಯಂತೆ. ಅವರೆಲ್ಲರ ಕಣ್ಣು ಬಾಸ್ ಎಂಬ ಮೀನಿನ ಮೇಲೆ. ಫ್ಲಾರಿಡಾದ ಬಾಸ್ ತಳಿಯನ್ನು 1959ರಲ್ಲಿ ಆ ಪ್ರಾಂತಕ್ಕೆ ತಂದು ಬಿಟ್ಟರು. ಜನರ ವಿನೋದಕ್ಕೆಂದು ಕೆರೆಗೆ ಬಿಡುವ ಟ್ರೌಟ್ ಮೀನನ್ನು ನುಂಗಿ ನುಂಗಿ ಅದು ಅಲ್ಲಿ ಭೀಮಕಾಯವಾಗಿ ಬೆಳೆಯಿತು.

ಸಸ್ಯಾಹಾರಿಯಾದ ಈ ಮುದುಕನಿಗೆ ಗಾಳದ ಶಾಸ್ತ್ರವೇಕೆಂದು ನಗುವವರುಂಟು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿರುವನು. ಅದನ್ನು ಓದಿದವನಿಗೆ ಅಳಿಯನ ಪೆಟ್ಟಿಗೆಯೊಳಗೆ ಇಣುಕುವ ಕುತೂಹಲ ಸಹಜವೇ. ತಿಳಿನೀರಿನಲ್ಲಿ ನಾವು ಮೀನನ್ನು ಕಾಣುವಂತೆ ಮೀನೂ ನಮ್ಮನ್ನು ಕಾಣುವುದು. ಆದುದರಿಂದ ನೆರಳು ಬೀಳದಂತೆ ದೂರ ನಿಂತು ಎಸೆಯಬೇಕು. ದಾರವು ಫ್ಲೋರೋಕಾರ್ಬನ್ ಎಂಬ ವಸ್ತುವಿನದು. ಬೆಳಕನ್ನು ಬಾಗಿಸುವುದರಲ್ಲಿ ಅದು ನೈಲಾನಿಗಿಂತ ನೀರಿಗೆ ಸಮೀಪವಾದುದರಿಂದ ಎದ್ದು ಕಾಣದು. ಎರೆಯು ಮಾಸಲು ಬಣ್ಣದ, ಮೆತ್ತನೆಯ, ಬೆರಳುದ್ದದ ಹುಳು. ಗಾಳಿಯೆದ್ದು ಅಲೆ ಮುರಿಯುವ ಹೊತ್ತು, ಇಲ್ಲವೆ ಅರುಣೋದಯ, ಪ್ರಶಸ್ತ. ಇಷ್ಟೆಲ್ಲ ಮಾಡಿದರೂ ಬಾಸ್ ಮೂಗಿನವರೆಗೆ ಬಂದು, ನೋಡಿ, ಹಿಂದಿರುಗುವುದು! ನಾನೇ ಕಂಡಿದ್ದೇನೆ.

ಇಲಿನಾಯ್ ಸಂಸ್ಥಾನದ ರಿಜ್ ಸರೋವರದಲ್ಲಿ ವಿದ್ವಾಂಸರು ಒಂದೊಂದು ಮೀನಿನ ಲೆಕ್ಕವನ್ನೂ ಇಟ್ಟರು. ಕೆಲವು ಮತ್ತೆ ಮತ್ತೆ ಸಿಕ್ಕಿದವು. ಕೆಲವು ಸಿಕ್ಕಲೇ ಇಲ್ಲ. ಈ ಗುಣವು ಮರಿಗಳಿಗೂ ಇಳಿಯುವುದೆಂದು 2009ರಲ್ಲಿ ಪ್ರಕಟಿಸಿದರು. ಇಲ್ಲಿಗೆ ಅನಾಗತವಿಧಾತೃವೂ ಯದ್ಭವಿಷ್ಯವೂ ದೊರೆತಂತಾಯಿತು. ಆದರೆ ಅದೇ ವಂಶದ ಮೀನುಗಳನ್ನು ಪರೀಕ್ಷಿಸಿ 2012ರಲ್ಲಿ ಹೊರಬಂದ ಇನ್ನೊಂದು ಮಾತು ನನ್ನನ್ನು ಕಲಕಿತು. ವಸಂತದಲ್ಲಿ ಗಂಡು ಬಾಸ್ ದಡದ ತೆಳುನೀರಿನಲ್ಲಿ ಮೊರದಗಲದ ನೆಲವನ್ನು ಬಾಲದಿಂದ ಗುಡಿಸಿ ಗೂಡು ಮಾಡುವುದು. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುವುದು. ಮೊಟ್ಟೆಯನ್ನೂ ಮರಿಯನ್ನೂ ವಾರಗಟ್ಟಲೆ ಕಾಯುವವನು ತಂದೆಯೇ. ಆಗ ಗೂಡಿಗೆ ಬಂದ ಎರೆಯನ್ನು ಅವನು ಕಚ್ಚುವುದು ಹಸಿವಿನಿಂದಲ್ಲ, ಶತ್ರುವೆಂದು. ಯಾವ ತಂದೆ ಹೆಚ್ಚು ಜಾಗರೂಕನೋ ಅವನೇ ಹೆಚ್ಚು ಸುಲಭವಾಗಿ ಗಾಳಕ್ಕೆ ಸಿಕ್ಕುವನು. ವಿಷ್ಣುಶರ್ಮನು ಈ ಮೀನಿಗೆ ಹೆಸರಿಡಲಿಲ್ಲ.

ಅಲ್ಲಿಯ ಗಾಳದವರಲ್ಲಿ ಧರ್ಮಸೂಕ್ಷ್ಮವಿಲ್ಲವೆಂದಲ್ಲ. 1932ರಲ್ಲಿ ಜಾರ್ಜಿಯಾದ ಜಾರ್ಜ್ ಪೆರಿಯು ಹಿಡಿದ 22 ಪೌಂಡು 4 ಔನ್ಸಿನ ಬಾಸ್ ಮೀನೇ ಲೋಕದ ದಾಖಲೆಯಾಗಿದ್ದ ಕಾಲದಲ್ಲಿ, 2006ರಲ್ಲಿ, ಡಿಕ್ಸನ್ ಸರೋವರದಲ್ಲಿ ಮ್ಯಾಕ್ ವೀಕ್ಲಿ ಎಂಬಾತನಿಗೆ 25 ಪೌಂಡು 1 ಔನ್ಸಿನ ಹೆಣ್ಣುಮೀನು ಸಿಕ್ಕಿತು. ಗಾಳವು ಬಾಯಿಗೆ ಹತ್ತದೆ ಪಕ್ಕೆಗೆ ನಾಟಿತ್ತು. ಆತನು ತೂಗಿ, ನೀರಿಗೆ ಬಿಟ್ಟನು, ದಾಖಲೆಯನ್ನು ಕೇಳಲಿಲ್ಲ. ಅದೇ ಮೀನು 2001ರಲ್ಲಿಯೂ 2003ರಲ್ಲಿಯೂ ಇತರರ ಕೈಗೆ ಸಿಕ್ಕಿ ಬಿಡುಗಡೆ ಪಡೆದಿತ್ತು. 2008ರಲ್ಲಿ ಸತ್ತು ತೇಲಿತು. ಕೀರ್ತಿಯನ್ನು ಹೀಗೆ ಕೈಬಿಟ್ಟವನನ್ನು ನಾನು ಮೆಚ್ಚದಿರಲಾರೆನು.

ಆದರೂ ಒಂದು ಬೆಳಗ್ಗೆ, ಗೂಡಿನ ಮೇಲೆ ಅಲುಗದೆ ನಿಂತಿದ್ದ ಗಂಡುಮೀನೊಂದರತ್ತ ಅಳಿಯನು ಗಾಳವೆತ್ತಿದಾಗ ತಡೆದೆನು.

“ಹಿಡಿದು ಬಿಟ್ಟುಬಿಡುತ್ತೇವಲ್ಲ, ಮಾವನವರೇ” ಎಂದನು.

“ನೀನು ಬಿಡುವಷ್ಟರಲ್ಲಿ ಅವನ ಮನೆಯಲ್ಲಿ ಏನು ಉಳಿದಿರುವುದಪ್ಪ?” ಎಂದೆನು. ಚಪ್ಪಟೆ ಮೈಯ ಬ್ಲೂಗಿಲ್ ಎಂಬ ಸಣ್ಣ ಮೀನುಗಳು ಆಗಲೇ ಗೂಡಿನ ಅಂಚಿನಲ್ಲಿ ಸುಳಿಯುತ್ತಿದ್ದವು. ತಂದೆಯು ಕ್ಷಣಕಾಲ ತೊಲಗಿದರೂ ಅವು ಮೊಟ್ಟೆಗೆ ಮುತ್ತುವವೆಂಬುದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು.

ಅಳಿಯನು ಮಾತಾಡಲಿಲ್ಲ, ದಾರವನ್ನು ಸುತ್ತಿಕೊಂಡು ಆಳದ ಕಡೆಗೆ ನಡೆದನು. ಅಂದು ಅವನಿಗೆ ಒಂದು ಮೀನೂ ಸಿಕ್ಕಲಿಲ್ಲ. ನಾನು ಊರಿಗೆ ಮರಳಿದ ಮೇಲೆ ಆತನು ವಸಂತದಲ್ಲಿ ಎಲ್ಲಿ ಎಸೆಯುತ್ತಿರುವನೋ, ಪತ್ರದಲ್ಲಿ ಕೇಳಿಲ್ಲ.